ಮಂಗಳವಾರದ ದಂಡೆ

ವಾಡಿ ಜಂಕ್ಷನ್ನಿನ ಎರಡನೇ ಕಿಟಕಿ ನನ್ನದು.
ಜಾಳಿಗೆಯೊಳಗೆ ಕೈ ಚಾಚಿದವರಿಗೆಲ್ಲ
ಹನ್ನೊಂದು ವರ್ಷ ಸಮುದ್ರ ಹರಿದು ಕೊಟ್ಟಿದ್ದೇನೆ:
ದಾದರಕ್ಕೆ ಎರಡು, ಒಂದು ಹಾಫು;
ಚೆನ್ನೈಗೆ ನಾಲ್ಕು, ಕೂಡಲು ಜಾಗ ಸಿಕ್ಕರೆ ಸಿಕ್ಕಿತು.
ನಾನು ಕಂಡ ದೊಡ್ಡ ನೀರೆಂದರೆ
ಮಳೆಗಾಲದ ಕಾಗಿಣಾ, ಅದೂ ಸೇತುವೆಯ ಮೇಲಿಂದ.

ನನ್ನ ವಾರದ ರಜೆ ಮಂಗಳವಾರ.
ಬಿಲ್ಕೀಸಳದೂ ಅಂದೇ. ಶಹಾಬಾದಿನಲ್ಲಿ
ಫರಸಿ ಪಾಲಿಶ್ ಮಾಡುವಲ್ಲಿ ಲೆಕ್ಕ ಬರೆಯುತ್ತಾಳೆ,
ಅಂದು ಅಲ್ಲಿ ಕರೆಂಟು ತೆಗೆಯುತ್ತಾರೆ.
ಊರೆಲ್ಲ ದುಡಿವ ದಿನ ನಮ್ಮಿಬ್ಬರಿಗೆ ಫುರಸತ್ತು.

“ದರಿಯಾ ನೋಡಲಿಕ್ಕೆ ಹೋಗಾಮಿ, ಬರ್ತಿ?”
“ಯಾವ ಗಾಡಿಗೆ?”
“ನಿನ್ನ ಸ್ಕೂಟಿಗೇ. ಪೆಟ್ರೋಲ್ ಹಾಕಿಸ್ಕೊಂಡು ಬಾ.
ರೊಟ್ಟಿ ನಾ ತರ್ತೀನಿ, ಶೇಂಗಾ ಹಿಂಡಿ ನೀ ತಾ.”

ನಡುವೆ ಅವಳ ಮಗ ಅದ್ನಾನ್,
ಶಾಲೆಗೆ ಹೊಟ್ಟೆನೋವು ಹೇಳಿ ಬಂದವನು,
ತೊಡೆಯ ಮೇಲೊಂದು ಪ್ಲಾಸ್ಟಿಕ್ ಬಕೀಟು.

ಡಾಂಬರು ಮುಗಿಯಿತು, ಆಮೇಲೆ ಬಿಳಿ ಧೂಳು,
ಆಮೇಲೆ ದಾರಿಯೇ ಮುಗಿದು ಜಾಲಿಗಿಡ.
ಬಿಟ್ಟುಹೋದ ಗಣಿ. ಅಂಚಿನಲ್ಲಿ
ಬ್ಯಾಡೆಂದು ಬಿಸಾಕಿದ ಹಾಸುಗಲ್ಲಿನ ಗುಡ್ಡೆ.
ಅವಳು ದುಪಟ್ಟಾದ ತುದಿಯಿಂದ ಒಂದರ ಧೂಳೊರೆಸಿ
“ಹಾಂ, ನೋಡು” ಅಂದಳು.

ಅಲೆ.

ಬೆರಳಿನಷ್ಟು ದಪ್ಪ, ಒಂದರ ಹಿಂದೊಂದು,
ದಂಡೆಗೆ ಬಂದು ಹಿಂದಿರುಗಲು ಮರೆತಂಥವು.
ಎಡಕ್ಕೆ ತುಸು ಓರೆ.
ಅಂದು ಗಾಳಿ ಯಾವ ಕಡೆಯಿಂದಿತ್ತೋ.

“ಇದಕ್ಕ ಡಾಗಿ ಮಾಲು ಅಂತ ಬರೀತೀನಿ ನಾನು.
ಕಸ ಗುಡಿಸಲಿಕ್ಕೆ ಬರಂಗಿಲ್ಲ, ಪಲಂಗ ಅಲುಗಾಡ್ತದ,
ಗಿರಾಕಿ ವಾಪಸ್ ಕಳಸ್ತಾರ.
ಸಣ್ಣ ಅಲೆ ಇದ್ರ ಮಶೀನಿಗೆ ಕೊಟ್ಟು ಸಾಫ್ ಮಾಡ್ತಾರ.”

ನನ್ನ ಅಡುಗೆಮನೆ, ಒಂದನೇ ಪ್ಲಾಟ್‌ಫಾರ್ಮು,
ನಾನು ಹುಟ್ಟಿದ ದವಾಖಾನೆಯ ವರಾಂಡ,
ಎಲ್ಲ ಅಲೆ ತೆಗೆದ ಕಡಲು.
ಇಷ್ಟು ವರ್ಷ ಅದರ ಮೇಲೆಯೇ
ನೀರು ಚೆಲ್ಲಿ, ಬಗ್ಗಿ, ಒರೆಸಿದ್ದೇನೆ.

ಅದ್ನಾನ್ ಗುಡ್ಡೆ ಹತ್ತಿ ಇಳಿದು ಚಿಪ್ಪು ಹುಡುಕಿದ.
ಬಕೀಟಿನಲ್ಲಿ ಬೀಡಿಕಟ್ಟಿನ ಕಾಗದ, ಉಳಿಯ ಮುರುಕು.
ಚಿಪ್ಪು ಇಲ್ಲಿ ಸಿಗುವುದಿಲ್ಲವಂತೆ.
ಕಲ್ಲು ನೋಡಲು ಬಂದಿದ್ದ ಕಾಲೇಜಿನ ಮೇಡಂ ಹೇಳಿದ್ದರು:
ಇದು ಅದಕ್ಕೂ ಮುಂಚಿನ ನೀರು,
ಆಗಿನ್ನೂ ಯಾರೂ ಮೈಮೇಲೆ ಮನೆ ಕಟ್ಟಿಕೊಳ್ಳಲು
ಕಲಿತಿರಲಿಲ್ಲ.
ಮೀನಿಲ್ಲ, ಹಕ್ಕಿಯಿಲ್ಲ, ಕೂಗಲು ಒಂದು ಗಂಟಲಿಲ್ಲ.
ಯಾರೂ ನೋಡದ ದಂಡೆಗೆ
ಸುಮ್ಮನೆ ಬಂದು ಬಂದು ಹೋಗುತ್ತಿದ್ದ ಅಲೆ.

ಚಪ್ಪಲಿ ಬಿಟ್ಟೆವು.
ಕಾಲು ಚುರ್ರೆಂದಿತು, ಮತ್ತೆ ಹಾಕಿಕೊಂಡೆವು.
ಗಣಿಯ ತಳದ ಹಸಿರು ನೀರಿನ ಹತ್ತಿರ ಹೋಗಬೇಡವೆಂದು
ಹುಡುಗನಿಗೆ ಎರಡು ಸಲ ಬೈದು
ಜಾಲಿಯ ಹರಕು ನೆರಳಲ್ಲಿ ರೊಟ್ಟಿ ಮುರಿದೆವು.
ಹಿಂಡಿಗೆ ಉಪ್ಪು ಹೆಚ್ಚಾಗಿತ್ತು.
“ಇರಲಿ ಬಿಡು, ದರಿಯಾಕ್ಕ ಬಂದೀವಿ.”

ಕೈ ತೊಳೆಯಲು ಅವಳು
ಒಂದು ಹಾಸಿನಡಿಯಿಂದ ನೀರಿನ ಬಾಟಲಿ ತೆಗೆದಳು.
ಹಳೆಯದು, ಬಿಸಿಲಿಗೆ ಹಳದಿಯಾದದ್ದು.
ಪಕ್ಕದಲ್ಲಿ ಮಡಿಚಿಟ್ಟ ಗೋಣಿತಾಟು, ಒಬ್ಬರು ಕೂಡುವಷ್ಟು.
ಎಷ್ಟು ಮಂಗಳವಾರ ಒಬ್ಬಳೇ ಬಂದಿದ್ದಳೋ,
ನಾನು ಕೇಳಲಿಲ್ಲ.
ಗೋಣಿತಾಟನ್ನು ಅಡ್ಡಡ್ಡ ಹಾಸಿದಳು.
ಅರ್ಧರ್ಧ ಕೂತೆವು.
ದೂರದ ಸಿಮೆಂಟು ಫ್ಯಾಕ್ಟರಿಯ ಸೈರನ್ನು ಕೂಗಿತು,
ಆಮೇಲೆ ಅದೂ ಇಲ್ಲ.

ಬುಧವಾರ. ಕಿಟಕಿಗೆ ಒಬ್ಬ,
ಮದುವೆಯ ಹೊಸ ಉಂಗುರ ತಿರುಗಿಸುತ್ತ:
“ಮೇಡಂ, ಎರಡು ದಿನಕ್ಕ ಹೋಗಿಬರಲಿಕ್ಕೆ
ಗದ್ದಲಿಲ್ಲದ ಸಮುದ್ರ ಯಾವ ಸ್ಟೇಷನ್ನಿಗೆ ಬರ್ತದ್ರಿ?”

ಜಾಳಿಗೆಯಿಂದ ಅವನ ಕಾಲು ಕಾಣುವುದಿಲ್ಲ.
ಯಾವುದರ ಮೇಲೆ ನಿಂತಿದ್ದಾನೆಂದು ನನಗೆ ಗೊತ್ತು.
ಹೇಳಬಹುದಿತ್ತು.

“ರತ್ನಾಗಿರಿ ನೋಡ್ರಿ,” ಅಂದೆ,
“ಗಾಡಿ ಬದಲಿಸಬೇಕಾಗ್ತದ.”
ಚಿಲ್ಲರೆ ಎಣಿಸಿ ಕೊಟ್ಟೆ.