ಮಾರ್ಚ್ ತಿಂಗಳ ವರದಿ

ಪೆಲ್ಟಿಯರ್ ಅವರೇ,
ನೀವು ಕಳಿಸಿದ ಹಾಳೆ ತಲುಪಿತು.
ವಿಷಯ, ಗಂಟೆ, ಪ್ರಗತಿ ಅಂತ ಮೂರು ಕಾಲಂ.
ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ದಿನದಿಂದ ಬಿದ್ದಿದೆ,
ಮೂಲೆಗೆ ಬೀಟ್‌ರೂಟಿನ ಕಲೆ ಹತ್ತಿದೆ, ಕ್ಷಮಿಸಿ.

ಸೆಪ್ಟೆಂಬರಿನಲ್ಲಿ ನಾನೂ ನಿಮ್ಮ ಹಾಗೇ ಇದ್ದೆ.
ಸಾಸ್ಕಟೂನಿನಿಂದ ಒಂದು ಪೆಟ್ಟಿಗೆ ತರಿಸಿದೆ,
ಎರಡು ಹಂದಿ ಮಾರಿದ ದುಡ್ಡು.
ಮೂವತ್ತಾರು ವಾರಕ್ಕೆ ಮೂವತ್ತಾರು ಕಟ್ಟು,
ಅಂಟಿಸಲು ಬಂಗಾರದ ಬಣ್ಣದ ನಕ್ಷತ್ರ.
ಒಂಬತ್ತಕ್ಕೆ ಸರಿಯಾಗಿ ಗಂಟೆ ಬಾರಿಸಿದೆ,
ಅಜ್ಜಿಯ ಕಾಲದ ಹಸುವಿನ ಗಂಟೆ.
ಡಾನಿಲೊ ಕೈ ಎತ್ತಿ, "ಟೀಚರ್, ಅಮ್ಮ ಎಲ್ಲಿ?" ಅಂದ.
ಲೆಸ್ಯ ಅತ್ತಳು.
ಎರಡನೇ ಗುರುವಾರ ನಾನೂ ಅತ್ತೆ.

ಆ ಪೆಟ್ಟಿಗೆ ಈಗ ಸಿಂಕಿನ ಮುಂದಿದೆ.
ಅದರ ಮೇಲೆ ನಿಂತರೆ ಲೆಸ್ಯಳಿಗೆ ನಲ್ಲಿ ಎಟುಕುತ್ತದೆ.
ದಯವಿಟ್ಟು ಉಪಯೋಗವಾಗಿದೆ ಎಂದು ಬರೆದುಕೊಳ್ಳಿ.

ಗಣಿತ ಎಷ್ಟು ಗಂಟೆ ಅಂತ ಕೇಳಿದ್ದೀರಿ.
ಕಣಕ ಉಬ್ಬುವಷ್ಟು ಹೊತ್ತು.
ಮೂರು ಬಟ್ಟಲು ಹಿಟ್ಟಿಗೆ ಒಂದೂಕಾಲು ಬಟ್ಟಲು ನೀರಾದರೆ
ಒಂಬತ್ತಕ್ಕೆ ಎಷ್ಟು, ಎಂದು ನಾನು ಕೇಳಿ ಮುಗಿಸುವಷ್ಟರಲ್ಲಿ
ಅವಳು ಮೂರೇ ಸುರಿದು ಕಲಸಿಯಾಗಿತ್ತು.
ಬ್ರೆಡ್ಡು ಕಲ್ಲಾಯಿತು.
ಕಾಲು ಎಂದರೇನು ಅಂತ ಮಾರನೆಯ ದಿನ ತಾನೇ ಬಂದು ಕೇಳಿದಳು.
ಅದು ತಿಂದವರ ಹಲ್ಲು ಕಲಿಸಿದ ಪಾಠ, ನನ್ನದಲ್ಲ.

ಕೋಳಿಗೂಡಿಗೆ ಹೋಗುವುದನ್ನು ಭೂಗೋಳ ಅಂದುಕೊಳ್ಳಿ:
ಮೈನಸ್ ಮೂವತ್ತೊಂದರಲ್ಲಿ
ಮೊಟ್ಟೆ ಹೆಪ್ಪುಗಟ್ಟಿ ಬಿರಿಯುವ ಮುಂಚೆ ಓಡಿ ತರಬೇಕು,
ಗಾಳಿ ಯಾವ ದಿಕ್ಕಿನದೆಂದು ಕೆನ್ನೆಗೆ ಗೊತ್ತಿರಬೇಕು.
ರಾತ್ರಿ ಒರೆಸ್ಟ್ ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾನೆ,
ಅರ್ಧದಲ್ಲಿ ಅವನಿಗೇ ನಿದ್ದೆ.
ಮುಂದೇನಾಯಿತೆಂದು ಮಕ್ಕಳಿಬ್ಬರೂ
ಕತ್ತಲಲ್ಲಿ ಜಗಳವಾಡಿ ತೀರ್ಮಾನಿಸುತ್ತಾರೆ.
ಇದು ಯಾವ ಕಾಲಂ?

ಹೆದರಿಕೆಯೇ ಇಲ್ಲ ಎಂದರೆ ಸುಳ್ಳಾಗುತ್ತದೆ.
ನಾದಿನಿ ಒಕ್ಸಾನ ರೆಜೈನಾದಿಂದ ಫೋನು ಮಾಡುತ್ತಾಳೆ,
ಅವಳ ಮಗಳು ಐದಕ್ಕೇ ಪುಸ್ತಕ ಮುಗಿಸುತ್ತಾಳಂತೆ.
ನನ್ನ ಮಗನಿಗೆ ಏಳು ತುಂಬಿತು.
'ಬಿ'ಗೂ 'ಡಿ'ಗೂ ಹೊಟ್ಟೆ ಯಾವ ಕಡೆ ಎಂದು
ಇನ್ನೂ ತನ್ನ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾನೆ.
ನಡುರಾತ್ರಿ ಎದ್ದು ಒಲೆಗೆ ಕಟ್ಟಿಗೆ ತುಂಬುವಾಗ
ಹಾದಿಯ ಕೊನೆಯಲ್ಲಿ ಹಳದಿ ಬಸ್ಸು ಕಾಯುತ್ತ ನಿಂತ ಹಾಗಿರುತ್ತದೆ.
ಕಿಟಕಿ ಉಜ್ಜಿ ನೋಡಿದರೆ
ಬರೀ ಹಿಮ, ಕೊಟ್ಟಿಗೆಯ ದೀಪ.

ಇನ್ನು, ಫೆಬ್ರವರಿಯ ಎರಡನೇ ಮಂಗಳವಾರದ್ದು.
ತಾಯಿ ಒದ್ದು ದೂಡಿದ ಕರುವೊಂದನ್ನು ಒಳಗೆ ತಂದಿದ್ದೆವು,
ಒಲೆಯ ಪಕ್ಕ, ಹಳೇ ಕೋಟಿನ ಮೇಲೆ.
ನಾನು ಅದಕ್ಕೆ ಹಾಲಿನ ಪುಡಿ ಕಲಸುತ್ತಿದ್ದೆ.
ಡಾನಿಲೊ ಚೀಲವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು,
ಬೆರಳಿಟ್ಟು, ಉಗುಳು ನುಂಗಿ,
ಕತ್ತಲಲ್ಲಿ ಮೆಟ್ಟಿಲಿಳಿಯುವವನಂತೆ ಓದಿದ:
ಮ... ನು... ಷ್ಯರ... ಬಳಕೆಗೆ... ಅಲ್ಲ.
ನನ್ನ ಕೈ ನಿಂತಿತು. ಚಮಚ ಬಕೆಟ್ಟಿನಲ್ಲಿ ಮುಳುಗಿತು.

ಅವನಿಗೆ ಸಂಭ್ರಮವೇನೂ ಇರಲಿಲ್ಲ. ಹುಬ್ಬು ಗಂಟಿಕ್ಕಿ ಕೇಳಿದ:
"ಮನುಷ್ಯರಿಗಲ್ಲ ಅಂದಮೇಲೆ ಇದನ್ನ ಓದೋದು ಯಾರು? ಕರುವಾ?"
ಲೆಸ್ಯ ಕೂಡಲೇ ಚೀಲವನ್ನು ಕರುವಿನ ಮುಖಕ್ಕೆ ಹಿಡಿದಳು.
ಕರು ಮೂಸಿತು. ಮೊದಲ ಅಕ್ಷರ ನೆಕ್ಕಿತು.
"ಅದೂ ನಿಧಾನ," ಅಂದಳು, "ಪಾಪ, ಬಿಡು."

ಪೆಲ್ಟಿಯರ್ ಅವರೇ,
ಮೂರನೇ ಕಾಲಮ್ಮಿನಲ್ಲಿ ಇರುವುದು ಕರುವಿನ ತೂಕ,
ವಾರವಾರದ್ದು, ಡಾನಿಲೊನ ಕೈಬರಹ.
ಮೂವತ್ತೆಂಟು. ನಲವತ್ತೊಂದು. ನಲವತ್ತಾರು.
ಒಂದು ನಾಲ್ಕು ತಿರುಗಿ ಬಿದ್ದಿದೆ, ಹಾಗೇ ಬಿಟ್ಟಿದ್ದೇನೆ.

ಬರುವಾಗ ಎತ್ತರದ ಬೂಟು ಹಾಕಿಕೊಂಡು ಬನ್ನಿ.
ಸಿಂಕಿನ ಮುಂದಿನ ಪೆಟ್ಟಿಗೆಯ ಮೇಲೆ ಮಾತ್ರ ಕೂರಬೇಡಿ,
ಒಂದು ಮೂಲೆ ಕುಸಿದಿದೆ.