ಗುಂಡಿ ಲೆಕ್ಕ

ಕೊನೆಯ ಮೊಹರು ಎರಡು ಸಾವಿರದ ಒಂಬತ್ತು, ಮಾರ್ಚಿ.
ಆಮೇಲೆ ಯಾರೂ ಒಯ್ದಿಲ್ಲ.
ಧೂಳು ಒರೆಸಿ ಕೊಟ್ಟರು ಲೈಬ್ರರಿಯ ಪಿಳ್ಳಪ್ಪ ಸಾರು,
"ಯುದ್ಧದ್ದಮ್ಮ, ಅಳು ಬರುತ್ತೆ" ಎಂದರು.
ಅಳು ಬರಲಿಲ್ಲ. ಮೊದಲ ನಲವತ್ತು ಪುಟ
ನಗುವೇ ಬಂತು.

ಬೇಸಿನ್ ಪಕ್ಕ, ಬೋರಲು ಹಾಕಿದ ಕ್ರೇಟಿನ ಮೇಲೆ
ಊಟದ ಬಿಡುವಿನಲ್ಲಿ ಓದಿದ್ದು.
ಬಿಸಿನೀರಲ್ಲಿ ನೆನೆದು ಬಿಳುಚಿದ ಬೆರಳು
ಮುಟ್ಟಿದಲ್ಲೆಲ್ಲ ಹಾಳೆ ಉಬ್ಬಿತು.
ಶಿಡ್ಲಘಟ್ಟದ ವಾಸನೆ ಗೊತ್ತಲ್ಲ, ಬೆಂದ ಹುಳುವಿನದು,
ಅದೂ ಹತ್ತಿರಬೇಕು ಈಗ ಅವಳ ಡೈರಿಗೆ.

ಗಿತ್ಲಾ ಅವಳ ಹೆಸರು. ಯೆಹೂದಿ. ಹದಿನಾಲ್ಕು.
ಅಪ್ಪನದು ಗುಂಡಿ ಅಂಗಡಿ.
ಅಂಗಡಿ ಕಿತ್ತುಕೊಂಡರು, ಲೆಕ್ಕದ ಪುಸ್ತಕ ಉಳಿಯಿತು.
ಎಡಕ್ಕೆ ಅಪ್ಪನ ಅಕ್ಷರ:
ಕೊಂಬಿನ ಗುಂಡಿ ಹನ್ನೆರಡು ಡಜನ್, ಚಿಪ್ಪಿನದು ಏಳು,
ಮೂಲೆಮನೆ ದರ್ಜಿಯಿಂದ ಬಾಕಿ ಇಷ್ಟು.
ಬಲಕ್ಕೆ ಅವಳು:
ಒಂದು ಕೋಣೆಗೆ ಒಂಬತ್ತು ಜನ,
ಆಲೂಗಡ್ಡೆ ಸಿಪ್ಪೆಯ ಸಾರು,
ಚಿಕ್ಕಮ್ಮನ ಗೊರಕೆಗೆ ತಾನಿಟ್ಟ ಅಡ್ಡಹೆಸರು,
ಕನ್ನಡಿ ಮಾರಿದ ಮೇಲೆ ಕಿಟಕಿ ಗಾಜಲ್ಲಿ ನೋಡಿಕೊಂಡ ಮೂಗು,
ಎದೆ ಬೆಳೆದು ಅಂಗಿ ಮುಚ್ಚುತ್ತಿಲ್ಲ,
ಗುಂಡಿ ಮಾರುವವನ ಮಗಳಿಗೆ ಹೀಗಾಗಬೇಕೆ, ಎಂದು.

"ಯಾರ ಕತೇನೇ ಅದು?" ಮುನಿಯಲ್ಲಮ್ಮ, ಎಳೆ ಹುಡುಕುತ್ತಾ.
ಗಿತ್ಲಾ, ಅಂದೆ.
"ಗೀತಾನಾ? ಮದುವೆ ಆಯ್ತಾ?"
ಇನ್ನೂ ಓದ್ತಾ ಇದೀನಿ, ಅಂದೆ.
ಹಿನ್ನುಡಿ ಮೊದಲೇ ಓದಿಬಿಟ್ಟಿದ್ದೆ.

ಸುಲಭವಿತ್ತು:
ಗೂಡು, ಒಳಗೆ ಜೀವ, ಹೊರಗೆ ಕುದಿನೀರು.
ಕವಿತೆ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು ರಾಟೆಗೆ.
ಬರೆದೆ. ಹೊಡೆದುಹಾಕಿದೆ.
ಹುಳು ಬೇಯುವುದರಿಂದ ನನ್ನ ಮನೆ ಬಾಡಿಗೆ.
ಹುಳುವಿಗೆ ಚಿಕ್ಕಮ್ಮನ ಗೊರಕೆ ಗೊತ್ತಿಲ್ಲ.
ನಿನ್ನ ಕಷ್ಟ ನನಗೂ ಗೊತ್ತು ಕಣೇ, ಎನ್ನಲೂ ಬಾಯಿ ಬರದು.
ಒಮ್ಮೆ ನಮ್ಮ ಬೀದಿಯಲ್ಲಿ ಮೂರು ದಿನ
ಕದ ತೆರೆಯಲಿಲ್ಲ ಯಾರೂ, ಅಮ್ಮಿ ದೀಪ ಹಾಕಲಿಲ್ಲ.
ಮೂರೇ ದಿನ.
ನಾಲ್ಕನೆಯ ದಿನ ಹಾಲು ಬಂತು.

ಹದಿನಾಲ್ಕಕ್ಕೆ ನನ್ನದೂ ಒಂದು ನೋಟ್‌ಬುಕ್ಕಿತ್ತು.
ಸಿಕ್ಕ ದಿನ ಅಮ್ಮಿ ಓದಲಿಲ್ಲ, ಓದು ಬರುತ್ತಿರಲಿಲ್ಲ,
ಬೇಸಿನ್ ಕೆಳಗಿನ ಒಲೆಗೆ ಹಾಕಿದಳು.
ಮನೆಯಲ್ಲಿ ಆಡದ ಭಾಷೆಯಲ್ಲಿ ಬರೆದಿದ್ದೆ, ಕನ್ನಡದಲ್ಲಿ,
ಅದೇ ಅವಳಿಗೆ ಹೆದರಿಕೆ.
ಗಿತ್ಲಾಳ ಅಮ್ಮ, ಮಾತು ಮಾತಿಗೆ ಕೆನ್ನೆಗೆ ಬಾರಿಸುತ್ತಿದ್ದವಳು,
ಲೆಕ್ಕದ ಪುಸ್ತಕವನ್ನು ತಗಡಿನ ಡಬ್ಬಿಯಲ್ಲಿಟ್ಟು
ನೆಲದ ಹಲಗೆ ಎಬ್ಬಿಸಿ ಅಡಿಗೆ ತಳ್ಳಿದ್ದಳು.
ಯಾರದು ಹೆಚ್ಚು ಪ್ರೀತಿ ಎಂದು
ಒಂದು ರಾತ್ರಿಯೆಲ್ಲ ಕೂಡಿ ಕಳೆದೆ. ಬಗೆಹರಿಯಲಿಲ್ಲ.

ಕೊನೆಯ ಪುಟ, ಬಲಕ್ಕೆ:
"ಊರಾಚೆ ಗುಂಡಿ ತೋಡುತ್ತಿದ್ದಾರಂತೆ.
ಆಲೂಗಡ್ಡೆ ಹೂಳಿಡೋಕೆ, ಅಂತಾನೆ ಅಪ್ಪ."

ನೂರ ಹನ್ನೆರಡು ಪುಟ, ಗುಂಡಿ ಎಂದರೆ
ನಾಲ್ಕು ತೂತಿನದು, ದಾರ ಹಾಯುವುದು.
ಅವಳ ಭಾಷೆಯಲ್ಲಿ ಬೇರೆ ಬೇರೆ ಮಾತಿರಬೇಕು.
ನಮ್ಮಲ್ಲಿ ಒಂದೇ.
ಅನುವಾದ ಮಾಡಿದವರೇ, ಆ ಸಾಲಿಗೆ ಬಂದಾಗ
ಕೈ ನಿಂತಿತೇ?
ಹಳ್ಳ ಎನ್ನಬಹುದಿತ್ತು. ಕುಣಿ ಎನ್ನಬಹುದಿತ್ತು.
ಹಾಗೇ ಬಿಟ್ಟಿರಿ.
ಅದೇ ಪುಟ, ಎಡಕ್ಕೆ, ಅಪ್ಪನ ಅಕ್ಷರ:
ಚಿಕ್ಕ ಬಿಳಿ ಗುಂಡಿ, ಮಕ್ಕಳ ಅಂಗಿಗೆ, ಆರು ಡಜನ್.

ಗಡುವು ಮೀರಿ ಹನ್ನೊಂದು ದಿನ, ಹಿಂತಿರುಗಿಸಿಲ್ಲ.
ಇವತ್ತು ಮಗಳ ಯೂನಿಫಾರಮ್ಮಿನಲ್ಲಿ
ಮೇಲಿಂದ ಮೂರನೆಯದು ಕಿತ್ತುಬಂದಿತ್ತು.
ಬಿಸ್ಕತ್ತಿನ ಡಬ್ಬಿ ತೆಗೆದೆ: ಸೂಜಿ, ದಾರದುಂಡೆ, ಹುಕ್ಕು,
ಎಲ್ಲದರ ಅಡಿಯಲ್ಲಿ ಒಂದು ನೋಟ್‌ಬುಕ್ಕು.
ಬಚ್ಚಿಡಲು ಬೇರೆ ಜಾಗ ಸಿಗಲಿಲ್ಲವೇನೋ ಪೆದ್ದಿಗೆ.
ಮೇಲೆ ಕೆಂಪು ಸ್ಕೆಚ್ಚಲ್ಲಿ
"ಅಮ್ಮಿ ಓದಬಾರದು."

ಒಂದು ಬಿಳಿ ಗುಂಡಿ ತೆಗೆದುಕೊಂಡು
ಮುಚ್ಚಳ ಒತ್ತಿದೆ.