ನುಸ್‌ಡಾರ್ಫ್‌ನಲ್ಲಿ ಹಳಿ ತಿರುಗುತ್ತದೆ

ಇಪ್ಪತ್ತೇಳು ವರ್ಷ ಇಲ್ಲೇ ಡಿ ಟ್ರ್ಯಾಮನ್ನು
ಸುತ್ತು ಹಾಕಿಸಿ ಊರಿಗೆ ತಿರುಗಿಸಿದವಳು
ರೋಸ್ವಿತಾ.
ನಾಲ್ಕು ನಿಮಿಷದ ಬಿಡುವು; ಅದರಲ್ಲೇ ಸಿಗರೇಟು.
ಎದುರಿಗೊಂದು ಫಲಕ, ಅದರ ಮೇಲೊಂದು ಬಾಣ.
ಓದಲು ಪುರಸೊತ್ತೆಲ್ಲಿ?

ಇವತ್ತು ಟಿಕೇಟು ಕೊಂಡು
ಹಿಂದಿನ ಬಾಗಿಲಿಂದ ಇಳಿದಳು.
ಟ್ರ್ಯಾಮು ತನ್ನ ಪಾಡಿಗೆ ತಿರುಗಿಕೊಂಡು ಹೋಯಿತು.
ಬಾಣ ಹೇಳಿದ ಕಡೆ ಇವಳು.

ತೊರೆ, ಸೇತುವೆ, ದ್ರಾಕ್ಷಿ ತೋಟದ ಬೇಲಿ.
ಏರು ಅಂದರೆ ಏರು.
ಯಾರದೋ ನಾಯಿ ಮೂಸಿ, ಇರಲಿ ಎಂದು ಬಿಟ್ಟಿತು.
ಮೇಲಿಂದ ವಿಯೆನ್ನಾ ಇಷ್ಟೇ:
ಅಂಗೈಯಗಲ ಹೆಂಚು, ನದಿ ಒಂದು ಗೀರು.
ತಾನು ಓಡಿಸಿದ ದಾರಿ ಹುಡುಕಿದಳು. ಕಾಣಲಿಲ್ಲ.

ಇಳಿಜಾರಿನಲ್ಲಿ ಹುಡುಗನೊಬ್ಬ ಅಡ್ಡ ಬಂದ,
ಕಿವಿ ತುಂಬ ಹಾಡು.
ಇವಳ ಬಲಗಾಲು ಎರಡು ಸಲ ನೆಲ ಒತ್ತಿತು.
ಗಂಟೆ ಮೊಳಗಲಿಲ್ಲ,
ಚೂರು ಧೂಳೆದ್ದಿತು.

ಡ್ಯೂಟಿ ಮುಗೀತು, ಅಂದಳು ಕಾಲಿಗೆ.
ನಡಿ.